ಒಂದು ಅಂಕದ ಪ್ರಶ್ನೆಗಳು

"ಗಣಕಯಂತ್ರದ ಪಿತಾಮಹ ಯಾರು?"

ನನ್ನ ಬಳಿ ಓದಿದ ನಿಮ್ಮಲ್ಲಿ ಯಾರನ್ನಾದರೂ ನಿದ್ದೆಯಿಂದ ಎಬ್ಬಿಸಿ ಈ ಪ್ರಶ್ನೆ ಕೇಳಿದರೂ "ಚಾರ್ಲ್ಸ್ ಬ್ಯಾಬೇಜ್" ಎಂಬ ಉತ್ತರ ಬಂದೇ ಬರುವುದೆಂಬ ಭರವಸೆ ನನಗಿದೆ. ಒಂದು ಅಂಕದ ಪ್ರಶ್ನೆ. ಉತ್ತರ ಎರಡೇ ಪದ. ಬರೆದವರಿಗೆ ಅಂಕ, ಬರೆಯದವರಿಗೆ ಸೊನ್ನೆ. ನಡುವೆ ಅರ್ಧ ಅಂಕಕ್ಕೂ ಎಡೆಯಿಲ್ಲ.

ಗಣಿತದ ಮೇಷ್ಟ್ರಾಗಿದ್ದ ನನ್ನ ಪಾಲಿಗೆ ಸೇವೆಯ ಕೊನೆಯ ವರ್ಷಗಳಲ್ಲಿ ಕಂಪ್ಯೂಟರ್ ಪಾಠವೂ ಬಂದಿತೆಂಬುದು ನಿಮಗೆ ನೆನಪಿರಬಹುದು. ಯಂತ್ರಗಳು ಬೀಗ ಹಾಕಿದ ಕೊಠಡಿಯಲ್ಲಿ ಬಟ್ಟೆ ಹೊದ್ದು ಕುಳಿತಿರುತ್ತಿದ್ದವು. ವಿದ್ಯುತ್ ಇದ್ದಾಗ ಬೀಗದ ಕೈ ಇರುತ್ತಿರಲಿಲ್ಲ, ಬೀಗದ ಕೈ ಸಿಕ್ಕಾಗ ವಿದ್ಯುತ್ ಇರುತ್ತಿರಲಿಲ್ಲ. ಆದುದರಿಂದ ನಮ್ಮ ಗಣಕ ವಿಜ್ಞಾನವೆಲ್ಲ ಸೀಮೆಸುಣ್ಣದಲ್ಲಿಯೇ ನಡೆಯಿತು. ಪಾಠದ ಕೊನೆಯ ಪ್ರಶ್ನೆಗಳೂ ಸದಾ ಅವೇ: ಪಿತಾಮಹ ಯಾರು? ಪ್ರಪಂಚದ ಮೊದಲ ಕಂಪ್ಯೂಟರ್ ಯಾವುದು? ಎಷ್ಟು ಪೀಳಿಗೆಗಳು? ಬಿಟ್ ಎಂದರೇನು? ಒಂದು ಬೈಟ್‌ಗೆ ಎಷ್ಟು ಬಿಟ್? ಈ ಒಂದು ಸಾಲಿನ ಉತ್ತರಗಳ ಹಿಂದೆ ಎಷ್ಟು ಮನುಷ್ಯರು ನಿಂತಿದ್ದಾರೆ, ಎಷ್ಟು ಮಂದಿಯ ಹೆಸರು ಆ ಸಾಲಿನಿಂದ ಹೊರಗುಳಿದಿದೆ ಎಂಬುದನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಪರೀಕ್ಷೆಯ ಭಯ ಈಗ ನಿಮಗೂ ಇಲ್ಲ, ಪಠ್ಯಕ್ರಮ ಮುಗಿಸುವ ಆತುರ ನನಗೂ ಇಲ್ಲ.

ಮೊದಲು ಆ ಪದವನ್ನೇ ನೋಡೋಣ. ಇಂಗ್ಲಿಷಿನ ಪುಸ್ತಕಗಳು ಬ್ಯಾಬೇಜನನ್ನು ಕಂಪ್ಯೂಟರಿನ 'ತಂದೆ' ಎನ್ನುತ್ತವೆ. ಕನ್ನಡಕ್ಕೆ ತಂದ ಪುಣ್ಯಾತ್ಮರು ಯಾರೋ ಅದನ್ನು 'ಪಿತಾಮಹ' ಮಾಡಿದರು. ಪಿತಾಮಹನೆಂದರೆ ತಂದೆಯಲ್ಲ, ತಂದೆಯ ತಂದೆ. ಹಾಗೆಂದೊಡನೆ ನಮಗೆ ನೆನಪಾಗುವವನು ಭೀಷ್ಮ. ಸ್ವಂತ ಮಕ್ಕಳಿಲ್ಲದೆಯೂ ಕುಲಕ್ಕೆಲ್ಲ ಅಜ್ಜನಾದವನು. ಬ್ಯಾಬೇಜನ ಕಥೆ ಬಲ್ಲವರಿಗೆ ಇಂಗ್ಲಿಷಿನ ಮಾತಿಗಿಂತ ಈ ಅನುವಾದವೇ ಹೆಚ್ಚು ಸತ್ಯವೆನಿಸುತ್ತದೆ. ಏಕೆಂದರೆ ಆತ ಕಲ್ಪಿಸಿದ ದೊಡ್ಡ ಯಂತ್ರಗಳಲ್ಲಿ ಒಂದೂ ಆತನ ಜೀವಿತಕಾಲದಲ್ಲಿ ಪೂರ್ಣವಾಗಲಿಲ್ಲ.

ಚಾರ್ಲ್ಸ್ ಬ್ಯಾಬೇಜ್ 1791ರಲ್ಲಿ ಲಂಡನ್ನಿನಲ್ಲಿ ಹುಟ್ಟಿ 1871ರಲ್ಲಿ ಅಲ್ಲಿಯೇ ತೀರಿಕೊಂಡ. ಆ ಕಾಲದಲ್ಲಿ ನಾವಿಕರು, ಖಗೋಳಜ್ಞರು, ವಿಮೆಯ ಲೆಕ್ಕಿಗರು ಎಲ್ಲರೂ ಮುದ್ರಿತ ಕೋಷ್ಟಕಗಳನ್ನು ನಂಬಿ ಬದುಕುತ್ತಿದ್ದರು. ನಾವು ಓದುವಾಗ ಲಾಗರಿದಮ್ ಕೋಷ್ಟಕದ ಪುಸ್ತಕ ಹಿಡಿದು ಪರೀಕ್ಷೆಗೆ ಹೋಗುತ್ತಿರಲಿಲ್ಲವೆ, ಅದೇ ಜಾತಿಯವು. ಅವುಗಳನ್ನು ಲೆಕ್ಕ ಮಾಡುತ್ತಿದ್ದವರು ಮನುಷ್ಯರು, ಅಚ್ಚುಮೊಳೆ ಜೋಡಿಸುತ್ತಿದ್ದವರೂ ಮನುಷ್ಯರು. ಆದುದರಿಂದ ಪ್ರತಿ ಪುಸ್ತಕದಲ್ಲಿಯೂ ತಪ್ಪುಗಳಿರುತ್ತಿದ್ದವು. ಸಮುದ್ರದ ನಡುವೆ ಒಂದು ಅಂಕಿ ತಪ್ಪಿದರೆ ಹಡಗು ಎಲ್ಲಿಗೆ ಹೋದೀತೆಂದು ಹೇಳಬೇಕಾಗಿಲ್ಲ. 1821ರಲ್ಲಿ ಬ್ಯಾಬೇಜ್ ತನ್ನ ಸ್ನೇಹಿತ ಜಾನ್ ಹರ್ಷೆಲ್‌ನೊಡನೆ ಕುಳಿತು ಖಗೋಳ ಕೋಷ್ಟಕಗಳನ್ನು ತಾಳೆ ನೋಡುತ್ತಿದ್ದಾಗ ತಪ್ಪಿನ ಮೇಲೆ ತಪ್ಪು ಕಂಡು ಬೇಸತ್ತು, ಈ ಲೆಕ್ಕಗಳನ್ನೆಲ್ಲ ಉಗಿಯಂತ್ರವೇ ಮಾಡುವಂತಿದ್ದರೆ ಎಂದು ಉದ್ಗರಿಸಿದನಂತೆ.

ಉದ್ಗಾರ ಎಲ್ಲರೂ ಮಾಡುತ್ತಾರೆ. ಈತ ಯಂತ್ರ ಕಟ್ಟಲು ಹೊರಟ. ಅದರ ಹೆಸರು ವ್ಯತ್ಯಾಸ ಯಂತ್ರ. ಅದರ ಗುಟ್ಟು ಆರನೆಯ ತರಗತಿಯ ಹುಡುಗನಿಗೂ ತಿಳಿಯುವಂಥದು. ಕರಿಹಲಗೆ ಇಲ್ಲದಿದ್ದರೂ ಇಲ್ಲಿಯೇ ಹೇಳಿಬಿಡುತ್ತೇನೆ. ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದುದಕ್ಕೆ ಆ ಸಂಖ್ಯೆಯನ್ನೇ ಕೂಡಿಸಿ, ಮೇಲೆ 41 ಸೇರಿಸಿ. ಸೊನ್ನೆಯಿಂದ ಹೊರಟರೆ ಕ್ರಮವಾಗಿ 41, 43, 47, 53, 61, 71 ಎಂದು ಬರುತ್ತದೆ. ಈಗ ಅಕ್ಕಪಕ್ಕದವುಗಳ ಅಂತರ ತೆಗೆಯಿರಿ: 2, 4, 6, 8, 10. ಆ ಅಂತರಗಳ ಅಂತರ ತೆಗೆಯಿರಿ: 2, 2, 2, 2. ಅಲ್ಲಿಗೆ ಅದು ಬದಲಾಗುವುದಿಲ್ಲ. ಇನ್ನು ಹಿಂದಕ್ಕೆ ನಡೆಯಿರಿ. ಕೊನೆಯ ಅಂತರ 10ಕ್ಕೆ 2 ಕೂಡಿಸಿದರೆ 12, ಅದನ್ನು 71ಕ್ಕೆ ಕೂಡಿಸಿದರೆ 83. ಮುಂದಿನ ಉತ್ತರ ಸಿದ್ಧ. ಗುಣಾಕಾರವೆಲ್ಲಿ ಹೋಯಿತು? ಮಾಯವಾಯಿತು. ಬರಿಯ ಕೂಡಿಸುವಿಕೆ ಉಳಿಯಿತು. ಕೂಡಿಸುವುದನ್ನು ಹಲ್ಲುಚಕ್ರ ಮಾಡಬಲ್ಲದು. ಬ್ಯಾಬೇಜನು ತನ್ನ ಯಂತ್ರವನ್ನು ವಿವರಿಸುವಾಗ ಇದೇ ಉದಾಹರಣೆಯನ್ನು ಬಳಸುತ್ತಿದ್ದ.

1823ರಲ್ಲಿ ಬ್ರಿಟಿಷ್ ಸರಕಾರ ಹಣ ಕೊಡಲು ಆರಂಭಿಸಿತು. ಹತ್ತೊಂಬತ್ತು ವರ್ಷಗಳ ನಂತರ, ಸುಮಾರು 17,000 ಪೌಂಡುಗಳು ಕರಗಿದ ಮೇಲೆ, 1842ರಲ್ಲಿ ಕೈ ಚೆಲ್ಲಿತು. ಕಾರಣ ಒಂದೆರಡಲ್ಲ. ಯಂತ್ರದ ಭಾಗಗಳನ್ನು ತಯಾರಿಸುತ್ತಿದ್ದ ಜೋಸೆಫ್ ಕ್ಲೆಮೆಂಟ್ ಎಂಬ ಕುಶಲಕರ್ಮಿಗೂ ಬ್ಯಾಬೇಜನಿಗೂ ಹಣದ ವಿಷಯದಲ್ಲಿ ಮನಸ್ತಾಪವಾಗಿ 1833ರಲ್ಲಿಯೇ ಕೆಲಸ ನಿಂತುಹೋಗಿತ್ತು. ಬ್ಯಾಬೇಜನ ಸ್ವಭಾವವೂ ಅಷ್ಟು ಸಲೀಸಾದುದಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಒಂದು ಯಂತ್ರ ಮುಗಿಯುವ ಮೊದಲೇ ಅದಕ್ಕಿಂತ ದೊಡ್ಡದೊಂದು ಅವನ ತಲೆಯಲ್ಲಿ ಹುಟ್ಟಿತ್ತು. ಮನೆ ಕಟ್ಟಿಸುವಾಗ ಗೋಡೆ ಏಳುವಷ್ಟರಲ್ಲಿ ನಕ್ಷೆ ಬದಲಿಸುವವರನ್ನು ನಾವು ನೋಡಿಲ್ಲವೆ?

ಆ ದೊಡ್ಡದೇ ವಿಶ್ಲೇಷಕ ಯಂತ್ರ. 1834ರಿಂದ ಕಲ್ಪನೆ ಆರಂಭ. ನಿಮ್ಮ ಪಠ್ಯದಲ್ಲಿದ್ದ ಚೌಕಟ್ಟುಗಳ ಚಿತ್ರ ನೆನಪಿದೆಯೆ? ಒಳಹರಿವು, ಸಂಸ್ಕರಣ ಘಟಕ, ಸ್ಮೃತಿ, ಹೊರಹರಿವು. ಅದರ ತಿರುಳೆಲ್ಲ ಈ ಯಂತ್ರದ ನಕ್ಷೆಯಲ್ಲಿತ್ತು. ಸಂಖ್ಯೆಗಳನ್ನು ಇಡುವ ಜಾಗಕ್ಕೆ ಬ್ಯಾಬೇಜ್ ಇಟ್ಟ ಹೆಸರು ಉಗ್ರಾಣ. ಅವುಗಳ ಮೇಲೆ ಕೆಲಸ ನಡೆಯುವ ಜಾಗಕ್ಕೆ ಗಿರಣಿ. ಉಗ್ರಾಣದಿಂದ ತಂದು ಗಿರಣಿಗೆ ಹಾಕು, ಬಂದುದನ್ನು ಮತ್ತೆ ಉಗ್ರಾಣದಲ್ಲಿಡು. ಇಂದಿನ ಪ್ರೊಸೆಸರ್ ಮಾಡುವುದೂ ಇದನ್ನೇ. ಏನು ಮಾಡಬೇಕೆಂಬ ಆಜ್ಞೆ ಮಾತ್ರ ತೂತು ಕೊರೆದ ರಟ್ಟುಗಳ ಮೂಲಕ. ಆ ಉಪಾಯವನ್ನು ಆತ ಎರವಲು ಪಡೆದುದು ಫ್ರಾನ್ಸಿನ ಜಕಾರ್ಡ್ ಮಗ್ಗದಿಂದ. ನಿಮ್ಮಲ್ಲಿ ದೊಡ್ಡಬಳ್ಳಾಪುರದ ಕಡೆಯವರಿಗೆ ಇದು ಹೊಸದಲ್ಲ; ಸೀರೆಯ ಅಂಚಿನ ವಿನ್ಯಾಸಕ್ಕೆ ತಕ್ಕಂತೆ ತೂತು ಕೊರೆದ ರಟ್ಟುಗಳ ಮಾಲೆ ಮಗ್ಗದ ಮೇಲೆ ಸುತ್ತುವುದನ್ನು ನೀವು ನೋಡಿಯೇ ಬೆಳೆದವರು. ತೂತಿದ್ದಲ್ಲಿ ಕೊಕ್ಕೆ ನುಗ್ಗುತ್ತದೆ, ಇಲ್ಲದಲ್ಲಿ ನಿಲ್ಲುತ್ತದೆ.

ಈ ಯಂತ್ರವನ್ನು ಕುರಿತು ಬ್ಯಾಬೇಜ್ 1840ರಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ಮಾತನಾಡಿದ. ಅದನ್ನಾಧರಿಸಿ ಲುಯಿಗಿ ಮೆನಾಬ್ರಿಯಾ ಎಂಬ ಎಂಜಿನಿಯರ್ ಫ್ರೆಂಚಿನಲ್ಲಿ ಲೇಖನ ಬರೆದ. ಆತ ಮುಂದೆ ಇಟಲಿಯ ಪ್ರಧಾನಿಯೂ ಆದ. ಆ ಲೇಖನವನ್ನು 1843ರಲ್ಲಿ ಇಂಗ್ಲಿಷಿಗೆ ತಂದವಳು ಏಡಾ ಲವ್‌ಲೇಸ್, ಕವಿ ಬೈರನ್ನನ ಮಗಳು. ಅನುವಾದದ ಕೊನೆಯಲ್ಲಿ ಆಕೆ ಸೇರಿಸಿದ ಟಿಪ್ಪಣಿಗಳು ಮೂಲ ಲೇಖನದ ಸುಮಾರು ಮೂರು ಪಟ್ಟು ದೊಡ್ಡವು. ಸಹಿ ಮಾತ್ರ ಹೆಸರಿನ ಮೂರು ಮೊದಲಕ್ಷರಗಳು. ಕೊನೆಯ ಟಿಪ್ಪಣಿಯಲ್ಲಿ ಬರ್ನೂಲಿ ಸಂಖ್ಯೆಗಳನ್ನು ಆ ಯಂತ್ರ ಹೇಗೆ ಲೆಕ್ಕ ಹಾಕಬಹುದೆಂಬ ಹಂತಹಂತದ ಪಟ್ಟಿ ಇದೆ. ಇಲ್ಲದ ಯಂತ್ರಕ್ಕೆ ಬರೆದ ಕ್ರಮವಿಧಿ ಅದು. ಸಂಖ್ಯೆಗಳ ಜಾಗದಲ್ಲಿ ಸ್ವರಗಳನ್ನಿಟ್ಟರೆ ಈ ಯಂತ್ರ ಸಂಗೀತವನ್ನೂ ರಚಿಸಬಹುದೆಂದು ಆಕೆ ಊಹಿಸಿದಳು; ಜೊತೆಗೇ, ತಾನಾಗಿ ಹೊಸದೊಂದನ್ನು ಆರಂಭಿಸುವ ಶಕ್ತಿ ಅದಕ್ಕಿಲ್ಲ, ನಾವು ಹೇಳಲು ತಿಳಿದುದನ್ನಷ್ಟೇ ಮಾಡೀತೆಂದೂ ಎಚ್ಚರಿಸಿದಳು. ಈ ಎರಡನೆಯ ಮಾತಿನ ಮೇಲಿನ ವಾದ ಇಂದಿಗೂ ಮುಗಿದಿಲ್ಲ.

ಆ ಪಟ್ಟಿ ನಿಜವಾಗಿ ಆಕೆಯದೇ, ಬ್ಯಾಬೇಜನದೇ ಎಂದು ವಿದ್ವಾಂಸರು ಜಗಳವಾಡಿದ್ದಾರೆ. ಬ್ಯಾಬೇಜನೇ 1864ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿರುವ ಪ್ರಕಾರ, ಬರ್ನೂಲಿ ಸಂಖ್ಯೆಗಳ ಬೀಜಗಣಿತವನ್ನು ಆಕೆಗೆ ತೊಂದರೆಯಾಗದಿರಲೆಂದು ತಾನೇ ಮಾಡಿಕೊಟ್ಟಿದ್ದ. ಆಕೆ ಅದರಲ್ಲಿ ಅವನು ಮಾಡಿದ್ದ ದೊಡ್ಡದೊಂದು ತಪ್ಪನ್ನು ಹಿಡಿದು ಹಿಂದಿರುಗಿಸಿದಳು. ನನ್ನ ಮಟ್ಟಿಗೆ ಇಷ್ಟು ಸಾಕ್ಷ್ಯ ಸಾಕು. ಲೆಕ್ಕ ನಕಲು ಮಾಡುವವರು ತಪ್ಪನ್ನೂ ನಕಲು ಮಾಡುತ್ತಾರೆ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವನ ಮಾತು ಇದು. ಏಡಾ 1852ರಲ್ಲಿ, 36ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅಮೆರಿಕದ ರಕ್ಷಣಾ ಇಲಾಖೆ ಆಕೆಯ ಹೆಸರಿನ ಕಂಪ್ಯೂಟರ್ ಭಾಷೆಯೊಂದನ್ನು ರೂಪಿಸಿ, ಅದರ ಮಾನಕಕ್ಕೆ 1815 ಎಂಬ ಸಂಖ್ಯೆ ಕೊಟ್ಟಿತು. ಅದು ಆಕೆ ಹುಟ್ಟಿದ ವರ್ಷ.

ಬ್ಯಾಬೇಜನ ನಕ್ಷೆಗಳು ಸರಿಯಾಗಿದ್ದವೇ? ಇದಕ್ಕೆ ಉತ್ತರ ಸಿಕ್ಕಿದ್ದು 1991ರಲ್ಲಿ. ಆತನ ಹುಟ್ಟಿನ ಇನ್ನೂರನೆಯ ವರ್ಷಕ್ಕೆಂದು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದವರು 1847ರಿಂದ 1849ರ ನಡುವೆ ಆತ ಬಿಡಿಸಿದ್ದ ಎರಡನೆಯ ವ್ಯತ್ಯಾಸ ಯಂತ್ರದ ನಕ್ಷೆಯನ್ನಿಟ್ಟುಕೊಂಡು, ಆ ಕಾಲದಲ್ಲಿ ಸಾಧ್ಯವಿದ್ದಷ್ಟೇ ನಿಖರತೆಯಿಂದ ಲೆಕ್ಕದ ಭಾಗವನ್ನು ಕಟ್ಟಿದರು. ಸುಮಾರು 4,000 ಬಿಡಿಭಾಗಗಳು. ಹಿಡಿ ತಿರುಗಿಸಿದರು, ಯಂತ್ರ ತಪ್ಪಿಲ್ಲದೆ ಲೆಕ್ಕ ಮಾಡಿತು. ಮುದ್ರಿಸುವ ಭಾಗ 2002ರಲ್ಲಿ ಸೇರಿತು.

ಆದರೆ 'ಪಿತಾಮಹ' ಎಂಬ ವಂಶವೃಕ್ಷದ ಮಾತು ಬಂದಾಗ ಒಂದು ತೊಡಕಿದೆ. ಒಂದು ಶತಮಾನದ ನಂತರ ಯಂತ್ರಗಳನ್ನು ನಿಜವಾಗಿ ಕಟ್ಟಿದವರಲ್ಲಿ ಹಲವರು ಬ್ಯಾಬೇಜನಿಂದ ಕಲಿತವರಲ್ಲ. ಹಾರ್ವರ್ಡಿನ ಹವರ್ಡ್ ಏಕನ್‌ಗೆ ಬ್ಯಾಬೇಜನ ಪರಿಚಯವಿತ್ತು, ಅದನ್ನು ಆತ ಹೆಮ್ಮೆಯಿಂದ ಹೇಳಿಕೊಂಡ. ಬರ್ಲಿನ್ನಿನಲ್ಲಿ ಒಬ್ಬನೇ ಕುಳಿತು ಯಂತ್ರ ಕಟ್ಟುತ್ತಿದ್ದ ಕೊನ್ರಾಡ್ ತ್ಸೂಸೆಗೆ ಆರಂಭದಲ್ಲಿ ಆ ಹೆಸರೇ ಗೊತ್ತಿರಲಿಲ್ಲ.

ಇನ್ನು 'ಕಂಪ್ಯೂಟರ್' ಎಂಬ ಪದ. ಇದು ಬಹುಕಾಲ ಯಂತ್ರದ ಹೆಸರಾಗಿರಲೇ ಇಲ್ಲ. ಒಂದು ಉದ್ಯೋಗದ ಹೆಸರಾಗಿತ್ತು. ಗುಮಾಸ್ತ, ಶಾನುಭೋಗ ಇದ್ದಂತೆ ಕಂಪ್ಯೂಟರ್, ಅಂದರೆ ಲೆಕ್ಕ ಮಾಡುವವನು. 1936ರಲ್ಲಿ ಅಲನ್ ಟ್ಯೂರಿಂಗ್ ತನ್ನ ಪ್ರಸಿದ್ಧ ಪ್ರಬಂಧವನ್ನು ಬರೆದಾಗಲೂ ಆ ಪದಕ್ಕೆ ಅವನ ಮನಸ್ಸಿನಲ್ಲಿದ್ದುದು ಚೌಕಳಿ ಕಾಗದದ ಮುಂದೆ ಪೆನ್ಸಿಲ್ ಹಿಡಿದು ಕುಳಿತ ಮನುಷ್ಯನ ಚಿತ್ರ. ಆ ಮನುಷ್ಯ ಮಾಡುವುದನ್ನು ಅತಿ ಸಣ್ಣ ಹೆಜ್ಜೆಗಳಾಗಿ ಒಡೆದರೆ ಯಂತ್ರವೂ ಮಾಡಬಲ್ಲದೆಂಬುದು ಅವನ ವಾದ.

ನಮ್ಮ ದೇಶದಲ್ಲಿಯೂ ಇಂಥ ಕಂಪ್ಯೂಟರುಗಳಿದ್ದರು. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ನಮ್ಮ ಬೆಂಗಳೂರಿನ ಬಳಿ ಆಧಾರರೇಖೆ ಅಳೆದು, 1802ರಲ್ಲಿ ಮದರಾಸಿನಿಂದ ಆರಂಭಿಸಿದ ಮಹಾ ತ್ರಿಕೋನಮಿತಿ ಮೋಜಣಿಯಲ್ಲಿ 1831ರಲ್ಲಿ ಕಂಪ್ಯೂಟರ್ ಹುದ್ದೆಗೆ ಸೇರಿದವರು ಕಲ್ಕತ್ತೆಯ ರಾಧಾನಾಥ ಸಿಕ್ದರ್. ಆಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಮುಂದೆ ಮುಖ್ಯ ಕಂಪ್ಯೂಟರ್ ಆದರು. ಹದಿನೈದನೆಯ ಶಿಖರವೆಂದು ಕಡತಗಳಲ್ಲಿ ನಮೂದಾಗಿದ್ದ ಹಿಮಾಲಯದ ಶಿಖರದ ಎತ್ತರ 29,002 ಅಡಿಗಳೆಂಬ ಲೆಕ್ಕ ಅವರು ಮುಖ್ಯರಾಗಿದ್ದ ವಿಭಾಗದ್ದು. 1856ರಲ್ಲಿ ಅದು ಪ್ರಕಟವಾಯಿತು; ಶಿಖರಕ್ಕೆ ನಿವೃತ್ತ ಅಧಿಕಾರಿ ಎವರೆಸ್ಟ್ ಅವರ ಹೆಸರು ಬಂದಿತು. 2020ರ ಅಳತೆಯಂತೆ ಅದರ ಎತ್ತರ 8,848.86 ಮೀಟರ್, ಅಂದರೆ ಸುಮಾರು 29,032 ಅಡಿ. ಮೂವತ್ತು ಅಡಿಯ ವ್ಯತ್ಯಾಸ! ನೂರಾರು ಕಿಲೋಮೀಟರ್ ದೂರದಿಂದ ಕೋನಗಳನ್ನು ನೋಡಿ, ಕೈಯಲ್ಲಿ ಮಾಡಿದ ಲೆಕ್ಕ. ಸಿಕ್ದರ್ ಅವರು ಮೋಜಣಿಯ ಕೈಪಿಡಿಗೆ ಗಣಿತದ ಮುಖ್ಯ ಭಾಗಗಳನ್ನು ಬರೆದುಕೊಟ್ಟಿದ್ದರು. 1851ರ ಮೊದಲ ಮುದ್ರಣ ಅವರ ಋಣವನ್ನು ಒಪ್ಪಿಕೊಂಡಿತ್ತು. ಅವರು 1870ರಲ್ಲಿ ತೀರಿಕೊಂಡರು. 1875ರ ಮೂರನೆಯ ಮುದ್ರಣದಲ್ಲಿ ಅವರ ಹೆಸರು ಇರಲಿಲ್ಲ, ಅವರು ಬರೆದುದು ಇತ್ತು. ಇದನ್ನು ಖಂಡಿಸಿ ಪತ್ರಿಕೆಯಲ್ಲಿ ಬರೆದ ಒಬ್ಬ ಇಂಗ್ಲಿಷ್ ಅಧಿಕಾರಿಯೂ ಇದ್ದನೆಂಬುದನ್ನು ಮರೆಯಬಾರದು.

ಎರಡನೆಯ ಪ್ರಶ್ನೆಗೆ ಬರೋಣ. ಪ್ರಪಂಚದ ಮೊದಲ ಎಲೆಕ್ಟ್ರಾನಿಕ್ ಕಂಪ್ಯೂಟರ್ ಯಾವುದು? "ಎನಿಯಾಕ್, 1946" ಎಂದು ಬರೆದು ನೀವು ಅಂಕ ಪಡೆದಿರಿ. ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ಮಾಕ್ಲಿ ಮತ್ತು ಪ್ರೆಸ್ಪರ್ ಎಕರ್ಟ್ ಕಟ್ಟಿದ ಈ ಯಂತ್ರದ ತೂಕ ಸುಮಾರು 30 ಟನ್; ಅದರೊಳಗೆ ಸುಮಾರು 18,000 ನಿರ್ವಾತ ನಳಿಕೆಗಳು. ಯುದ್ಧಕಾಲದಲ್ಲಿ ಫಿರಂಗಿಗಳ ಗುರಿ ಕೋಷ್ಟಕಕ್ಕಾಗಿ ಆರಂಭವಾದ ಕೆಲಸ. ನೋಡಿ, ಮತ್ತೆ ಕೋಷ್ಟಕ! ಆ ಕೋಷ್ಟಕಗಳನ್ನು ಅಲ್ಲಿಯವರೆಗೆ ಕೈಯಿಂದ ಮಾಡುತ್ತಿದ್ದವರು ಸುಮಾರು ಎಂಬತ್ತು ಮಂದಿ ಹೆಣ್ಣುಮಕ್ಕಳು. ಅವರ ಹುದ್ದೆಯ ಹೆಸರೂ ಕಂಪ್ಯೂಟರ್. ಒಂದು ಗುಂಡಿನ ಪಥಕ್ಕೆ ಅವರಿಗೆ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಯಂತ್ರ ಅದನ್ನು ಅರ್ಧ ನಿಮಿಷದಲ್ಲಿ ಮುಗಿಸಿತು.

ಯಂತ್ರ ತಾನಾಗಿಯೇ ಮುಗಿಸಲಿಲ್ಲ. ಆ ಹೆಣ್ಣುಮಕ್ಕಳಲ್ಲಿ ಆರು ಮಂದಿಯನ್ನು ಆರಿಸಿ ಯಂತ್ರಕ್ಕೆ ಕೆಲಸ ಹೇಳುವ ಹೊಣೆ ಒಪ್ಪಿಸಿದ್ದರು. ಅವರ ಹೆಸರುಗಳನ್ನು ಪೂರ್ತಿಯಾಗಿ ಬರೆಯುತ್ತೇನೆ. ನಮ್ಮ ಪಠ್ಯದಲ್ಲಿ ಇರಲಿಲ್ಲ. ಕೇ ಮೆಕ್‌ನಲ್ಟಿ, ಬೆಟ್ಟಿ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ ಬಿಲಾಸ್, ರೂತ್ ಲಿಕ್ಟರ್‌ಮನ್. ಕೈಪಿಡಿ ಇರಲಿಲ್ಲ, ಕಂಪ್ಯೂಟರ್ ಭಾಷೆಯೆಂಬುದಂತೂ ಹುಟ್ಟಿಯೇ ಇರಲಿಲ್ಲ. ಮೊದಮೊದಲು ಯಂತ್ರವಿದ್ದ ಕೊಠಡಿಗೆ ಪ್ರವೇಶದ ಅನುಮತಿಯೂ ಇರಲಿಲ್ಲ. ತಂತಿಜಾಲದ ನಕ್ಷೆಗಳನ್ನು ಹರಡಿಕೊಂಡು, ಯಾವ ಭಾಗ ಏನು ಮಾಡುತ್ತದೆಂದು ಓದಿ ಓದಿ ಕಂಡುಕೊಂಡರು. ಬೀಗದ ಕೊಠಡಿಯ ಹೊರಗೆ ಕುಳಿತು ಕಂಪ್ಯೂಟರ್ ಕಲಿತ ನಮ್ಮ ಶಾಲೆಯ ಮಕ್ಕಳ ನೆನಪು ನನಗೆ ಇದನ್ನು ಓದುವಾಗ ಬಾರದೆ ಇರುತ್ತದೆಯೆ? ಆಮೇಲೆ ತಂತಿಗಳನ್ನು ಒಂದೊಂದಾಗಿ ಸಿಕ್ಕಿಸಿ, ಗುಂಡಿಗಳನ್ನು ತಿರುಗಿಸಿ ಯಂತ್ರವನ್ನು ಒಂದೊಂದು ಲೆಕ್ಕಕ್ಕೂ ಅಣಿಗೊಳಿಸುತ್ತಿದ್ದರು.

1946ರ ಫೆಬ್ರವರಿಯ ಸಾರ್ವಜನಿಕ ಪ್ರದರ್ಶನದಲ್ಲಿ ಯಂತ್ರ ಮಾಡಿ ತೋರಿಸಿದ ಗುಂಡಿನ ಪಥದ ಲೆಕ್ಕವನ್ನು ಅಣಿಗೊಳಿಸಿದವರು ಜೆನ್ನಿಂಗ್ಸ್ ಮತ್ತು ಸ್ನೈಡರ್. ಅಂದಿನ ಔತಣಕೂಟಕ್ಕೆ ಅವರನ್ನು ಯಾರೂ ಕರೆಯಲಿಲ್ಲ. ನಾಲ್ಕು ದಶಕಗಳ ನಂತರ ಕ್ಯಾಥಿ ಕ್ಲೈಮನ್ ಎಂಬ ವಿದ್ಯಾರ್ಥಿನಿ ಎನಿಯಾಕ್‌ನ ಹಳೆಯ ಛಾಯಾಚಿತ್ರಗಳಲ್ಲಿ ಯಂತ್ರದ ಪಕ್ಕ ನಿಂತ ಹೆಂಗಸರು ಯಾರೆಂದು ವಿಚಾರಿಸಿದಾಗ, ಯಂತ್ರ ಅಂದವಾಗಿ ಕಾಣಲೆಂದು ನಿಲ್ಲಿಸಿದ ರೂಪದರ್ಶಿಗಳೆಂಬ ಉತ್ತರ ಬಂದಿತಂತೆ. ಆಕೆ ಒಪ್ಪದೆ ಹುಡುಕಿದುದರಿಂದ ಈ ಆರು ಹೆಸರುಗಳು ನಮಗೆ ಮರಳಿ ದೊರೆತಿವೆ. ಬೆಟ್ಟಿ ಸ್ನೈಡರ್ ಮುಂದೆ ಬೆಟ್ಟಿ ಹೋಲ್ಬರ್ಟನ್ ಎಂಬ ಹೆಸರಿನಲ್ಲಿ ಕೋಬಾಲ್ ಭಾಷೆಯ ರಚನೆಯಲ್ಲಿಯೂ ಪಾಲುಗೊಂಡರು. ನಿಮ್ಮಲ್ಲಿ ಬ್ಯಾಂಕಿನ ಕೆಲಸಕ್ಕೆ ಸೇರಿದ ಕೆಲವರು ಆ ಭಾಷೆಯನ್ನು ಬೈದುಕೊಂಡೇ ಕಲಿತವರು.

ಆದರೆ ಎನಿಯಾಕ್ ಮೊದಲನೆಯದೇ? ಇದು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಐಯೋವಾ ರಾಜ್ಯದ ಕಾಲೇಜೊಂದರಲ್ಲಿ ಜಾನ್ ವಿನ್ಸೆಂಟ್ ಅಟನಸಾಫ್ ಎಂಬ ಅಧ್ಯಾಪಕ ತನ್ನ ವಿದ್ಯಾರ್ಥಿ ಕ್ಲಿಫರ್ಡ್ ಬೆರಿಯೊಡನೆ 1942ರ ವೇಳೆಗೆ ನಿರ್ವಾತ ನಳಿಕೆಗಳ ಲೆಕ್ಕಯಂತ್ರವೊಂದನ್ನು ಕಟ್ಟಿದ್ದ. ಏಕಕಾಲಿಕ ಸಮೀಕರಣಗಳನ್ನು ಬಿಡಿಸುವುದಷ್ಟೇ ಅದರ ಕೆಲಸ. ಯುದ್ಧ ಬಂದು ಆತ ಬೇರೆ ಕೆಲಸಕ್ಕೆ ಹೋದ, ಯಂತ್ರ ಮೂಲೆ ಸೇರಿ ಕೊನೆಗೆ ಬಿಡಿಭಾಗವಾಯಿತು. ಮಾಕ್ಲಿ 1941ರ ಜೂನ್‌ನಲ್ಲಿ ಅಲ್ಲಿಗೆ ಹೋಗಿ ಅದನ್ನು ನೋಡಿ ಬಂದಿದ್ದ. ಎನಿಯಾಕ್‌ನ ಪೇಟೆಂಟ್ ಬಗೆಗೆ ಎರಡು ಕಂಪೆನಿಗಳ ನಡುವೆ ವ್ಯಾಜ್ಯವಾದಾಗ ಇದೆಲ್ಲ ಹೊರಬಿದ್ದು, 1973ರ ಅಕ್ಟೋಬರ್ 19ರಂದು ನ್ಯಾಯಾಧೀಶ ಅರ್ಲ್ ಲಾರ್ಸನ್ ಆ ಪೇಟೆಂಟನ್ನು ಅಸಿಂಧುವೆಂದು ತೀರ್ಪಿತ್ತರು. ಮರುದಿನವೇ ಅಮೆರಿಕದಲ್ಲಿ ವಾಟರ್‌ಗೇಟ್ ಹಗರಣದ ಭಾರಿ ಸ್ಫೋಟವಾಗಿ, ಈ ತೀರ್ಪು ಪತ್ರಿಕೆಗಳಲ್ಲಿ ಮುಚ್ಚಿಹೋಯಿತು. ಅತ್ತ ತ್ಸೂಸೆಯ ರಿಲೇ ಯಂತ್ರ 1941ರ ಮೇ ತಿಂಗಳಲ್ಲಿಯೇ ಓಡುತ್ತಿತ್ತು. 1943ರ ಬಾಂಬ್ ದಾಳಿಯಲ್ಲಿ ನಾಶವಾಯಿತು. ಇಂಗ್ಲೆಂಡಿನಲ್ಲಿ ಅಂಚೆ ಇಲಾಖೆಯ ಎಂಜಿನಿಯರ್ ಟಾಮಿ ಫ್ಲವರ್ಸ್ ಜರ್ಮನರ ಗುಪ್ತಲಿಪಿ ಒಡೆಯಲು ಕಟ್ಟಿದ ಕೊಲಾಸಸ್ 1944ರ ಆರಂಭಕ್ಕೆ ಕೆಲಸಕ್ಕಿಳಿದಿತ್ತು. ಅದು 1970ರ ದಶಕದವರೆಗೆ ರಾಜ್ಯರಹಸ್ಯ. ಫ್ಲವರ್ಸ್ ತಾನು ಮಾಡಿದುದನ್ನು ಮೂವತ್ತು ವರ್ಷ ಯಾರಿಗೂ ಹೇಳುವಂತಿರಲಿಲ್ಲ.

ಹೀಗಾಗಿ "ಮೊದಲ" ಎಂಬ ಪದದ ಹಿಂದೆ ಏನನ್ನು ಸೇರಿಸುತ್ತೀರೋ ಅದರ ಮೇಲೆ ಉತ್ತರ ನಿಂತಿದೆ. ಎಲೆಕ್ಟ್ರಾನಿಕ್ ಎಂದರೆ ಒಂದು, ಕ್ರಮವಿಧಿಗೆ ಒಗ್ಗುವುದೆಂದರೆ ಇನ್ನೊಂದು. ಕ್ರಮವಿಧಿಯನ್ನು ತನ್ನ ಸ್ಮೃತಿಯಲ್ಲಿಯೇ ಇಟ್ಟುಕೊಂಡು ಓಡಿದ ಮೊದಲ ಎಲೆಕ್ಟ್ರಾನಿಕ್ ಯಂತ್ರವೆಂದರೆ, ಮ್ಯಾಂಚೆಸ್ಟರಿನಲ್ಲಿ 1948ರ ಜೂನ್ 21ರಂದು ಓಡಿದ 'ಬೇಬಿ'. ನೀವು ಇಂದು ಬಳಸುವ ಪ್ರತಿಯೊಂದು ಯಂತ್ರ, ಅಂಗೈಯಲ್ಲಿರುವ ಫೋನ್ ಸಹ, ಈ ಕೊನೆಯ ಜಾತಿಯದು. ಅದರ ವಿನ್ಯಾಸಕ್ಕೆ ಫಾನ್ ನಾಯ್ಮನ್ ವಿನ್ಯಾಸವೆಂಬ ಹೆಸರು ಬಂದುದಕ್ಕೂ 1945ರ ಒಂದು ವರದಿಯ ಮೇಲೆ ಅವನೊಬ್ಬನ ಹೆಸರಷ್ಟೇ ಇದ್ದುದು ಕಾರಣ. ಎಕರ್ಟ್ ಮತ್ತು ಮಾಕ್ಲಿ ಅದನ್ನು ಕೊನೆಯವರೆಗೂ ಕ್ಷಮಿಸಲಿಲ್ಲ.

ಪೀಳಿಗೆಗಳ ಪ್ರಶ್ನೆಯನ್ನು ನಾನು ಬೇಗ ದಾಟುತ್ತೇನೆ, ನನಗೆ ಅದರಲ್ಲಿ ರುಚಿಯಿಲ್ಲ. ನಳಿಕೆ, ಟ್ರಾನ್ಸಿಸ್ಟರ್, ಸಂಯೋಜಿತ ಮಂಡಲ, ಮೈಕ್ರೋಪ್ರೊಸೆಸರ್ ಎಂದು ನಾಲ್ಕು. ಐದನೆಯದು "ಕೃತಕ ಬುದ್ಧಿಮತ್ತೆ, ಅಭಿವೃದ್ಧಿಯ ಹಂತದಲ್ಲಿದೆ" ಎಂದು ವರ್ಷ ವರ್ಷವೂ ಬರೆಸುತ್ತಿದ್ದರು. ಆ ಐದನೆಯದರ ಮೂಲ ಜಪಾನ್ ಸರಕಾರ 1982ರಲ್ಲಿ ಆರಂಭಿಸಿದ ಒಂದು ಯೋಜನೆ. ಹತ್ತು ವರ್ಷದ ಮೇಲೆ, ನಿರೀಕ್ಷಿಸಿದಷ್ಟು ಫಲವಿಲ್ಲದೆ ಅದು ಮುಗಿದಿತ್ತು. ಪಠ್ಯಗಳಲ್ಲಿ ಮಾತ್ರ ಮುಂದುವರಿಯಿತು. ಅದಕ್ಕಿಂತ, ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ 1950ರ ದಶಕದ ನಡುವಿನಲ್ಲಿ ಇಂಗ್ಲೆಂಡಿನಿಂದ ಮೊದಲ ಕಂಪ್ಯೂಟರ್ ಬಂದುದನ್ನೋ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಮುಂತಾದ ತರುಣರು ಅಲ್ಲಿಯೇ ವಿನ್ಯಾಸ ಮಾಡಿ 1960ರಲ್ಲಿ ಟಿಫ್ರಾಕ್ ಯಂತ್ರವನ್ನು ಓಡಿಸಿದುದನ್ನೋ ಕೇಳಿದ್ದರೆ ಆಗುತ್ತಿತ್ತು. ಪಂಡಿತ ನೆಹರೂ ಅದಕ್ಕೆ 1962ರಲ್ಲಿ ಹೆಸರಿಟ್ಟರು.

ಕೊನೆಗೆ ಬಿಟ್ ಮತ್ತು ಬೈಟ್. ನನಗೆ ಅತಿ ಪ್ರಿಯವಾದ ಭಾಗ. ಎರಡೇ ಚಿಹ್ನೆಗಳಿಂದ ಎಲ್ಲವನ್ನೂ ಬರೆಯುವ ಉಪಾಯವನ್ನು ಲೈಬ್ನಿಟ್ಸ್ 1703ರಲ್ಲಿ ಪ್ರಕಟಿಸಿದ. ಆ ಚಿಹ್ನೆಯ ಅಳತೆಗೆ 'ಬಿಟ್' ಎಂಬ ಹೆಸರು ಕ್ಲಾಡ್ ಶಾನನ್‌ನ 1948ರ ಪ್ರಬಂಧದಲ್ಲಿ ಅಚ್ಚಾಯಿತು. ಪದ ಜಾನ್ ಟೂಕಿಯದೆಂದು ಶಾನನ್ನನೇ ಹೇಳಿದ್ದಾನೆ. ಆದರೆ ಪಕ್ಕದ ಕೊಠಡಿಯಲ್ಲಿ ನಿಮ್ಮ ಕನ್ನಡ ಪಂಡಿತರು ಛಂದಸ್ಸು ಹೇಳಿಕೊಡುತ್ತಿದ್ದಾಗಲೂ ನೀವು ಎರಡು ಚಿಹ್ನೆಗಳ ಲೆಕ್ಕವನ್ನೇ ಮಾಡುತ್ತಿದ್ದಿರಿ. ಲಘು, ಗುರು. ಮೂರು ಅಕ್ಷರಕ್ಕೆ ಒಂದು ಗಣವಾದರೆ ಗಣಗಳು ಎಂಟೇ ಏಕೆ? ಎರಡನ್ನು ಮೂರು ಸಲ ಗುಣಿಸಿದರೆ ಎಂಟು. ಪಿಂಗಳನ ಛಂದಃಶಾಸ್ತ್ರದಲ್ಲಿ ಈ ಗಣಗಳನ್ನು ಕ್ರಮವಾಗಿ ಸಾಲಿಡುವ ಪ್ರಸ್ತಾರವೂ ಇದೆ, ಇಷ್ಟನೆಯ ಸಾಲು ಯಾವುದೆಂದು ನೇರವಾಗಿ ಕಂಡುಹಿಡಿಯುವ ವಿಧಾನವೂ ಇದೆ. ಐದನೆಯ ಸಾಲು ಬೇಕೆನ್ನಿ. ಐದು ಬೆಸಸಂಖ್ಯೆ, ಆದುದರಿಂದ ಗುರು. ಒಂದು ಕೂಡಿಸಿ ಅರ್ಧ ಮಾಡಿದರೆ ಮೂರು. ಮೂರೂ ಬೆಸ, ಮತ್ತೆ ಗುರು. ಒಂದು ಕೂಡಿಸಿ ಅರ್ಧ ಮಾಡಿದರೆ ಎರಡು. ಎರಡು ಸಮ, ಆದುದರಿಂದ ಲಘು. ಗುರು, ಗುರು, ಲಘು: ತಗಣ. ಸಾಲು ಬರೆದು ಎಣಿಸಿ ನೋಡಿ, ಮ, ಯ, ರ, ಸ ಆದ ಮೇಲೆ ಐದನೆಯದು ತಗಣವೇ. ಇದರಿಂದ ನಮ್ಮ ಪೂರ್ವಿಕರು ಕಂಪ್ಯೂಟರ್ ಮಾಡಿದ್ದರೆಂದು ಭಾಷಣ ಮಾಡುವವರ ಜೊತೆ ನಾನಿಲ್ಲ. ಪಿಂಗಳನಿಗೆ ಬೇಕಾಗಿದ್ದುದು ಪದ್ಯ. ಆದರೆ ಹಂತಹಂತವಾಗಿ, ಊಹೆಗೆ ಎಡೆಯಿಲ್ಲದಂತೆ ಉತ್ತರಕ್ಕೆ ಒಯ್ಯುವ ಇಂಥ ವಿಧಾನಕ್ಕೇ ನಿಮ್ಮ ಪಠ್ಯ 'ಆಲ್ಗಾರಿದಮ್' ಎಂದು ಹೆಸರಿಟ್ಟಿತ್ತು.

ಬೈಟ್ ಎಂಬ ಪದವನ್ನು 1956ರಲ್ಲಿ ಐಬಿಎಂನ ವರ್ನರ್ ಬುಕ್‌ಹೋಲ್ಟ್ಸ್ ಹುಟ್ಟುಹಾಕಿದ. "ಒಂದು ಅಕ್ಷರಕ್ಕೆ ಒಂದು ಬೈಟ್" ಎಂದು ಪುಸ್ತಕ ಹೇಳುತ್ತಿತ್ತು. ಯಾರ ಅಕ್ಷರಕ್ಕೆ? 1963ರ ಆಸ್ಕಿ ಮಾನಕದಲ್ಲಿದ್ದುದು 128 ಸ್ಥಾನಗಳು. ಇಂಗ್ಲಿಷಿನ ಅಕ್ಷರ, ಅಂಕಿ, ಚಿಹ್ನೆಗಳಿಗೇ ಅದು ಮುಗಿಯಿತು. ಕನ್ನಡಕ್ಕೆ ಜಾಗ ದೊರೆತುದು 1991ರ ಯೂನಿಕೋಡ್‌ನಲ್ಲಿ. ಅದರಲ್ಲಿ 'ಕ' ಅಕ್ಷರದ ಕ್ರಮಸಂಖ್ಯೆ 3221. ಅಂತರಜಾಲದಲ್ಲಿ ಈಗ ಎಲ್ಲೆಡೆ ಬಳಕೆಯಲ್ಲಿರುವ ಕ್ರಮದಂತೆ ಅದನ್ನು ಇಡಲು ಮೂರು ಬೈಟ್ ಬೇಕು. 'ಕ್ಷ' ಎಂದರೆ ಕಕಾರ, ಹಲಂತದ ಚಿಹ್ನೆ, ಷಕಾರ, ಒಟ್ಟು ಒಂಬತ್ತು ಬೈಟ್. 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ ಹದಿನೆಂಟು! ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿಯೇ ಅಡಗಿಸಿ ಇಡುತ್ತಿದ್ದೆವು. ಒಬ್ಬರು ಕಳುಹಿಸಿದ ಪತ್ರ ಇನ್ನೊಬ್ಬರಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ. ನಿಮ್ಮಲ್ಲಿ ವಿದೇಶದಲ್ಲಿದ್ದವರಿಗೆ ನಾನು ಬರೆದ ಎಷ್ಟೋ ಪತ್ರಗಳು ಹಾಗೆ ವ್ಯರ್ಥವಾದವು. ಕನ್ನಡ ಬೆರಳಚ್ಚಿಗೆ ಸರಳ ಕೀಲಿಮಣೆ ವಿನ್ಯಾಸ ಕೊಟ್ಟ ಕೆ. ಪಿ. ರಾವ್ ಅವರ ಹೆಸರೂ ಒಂದು ಅಂಕದ ಪ್ರಶ್ನೆಗಳಲ್ಲಿ ನಾನು ಕಂಡದ್ದಿಲ್ಲ.

ಪಾಠ ಮುಗಿದ ಮೇಲೆ ಪ್ರಶ್ನೆ ಕೊಡದೆ ಬಿಡುವ ಅಭ್ಯಾಸ ನನಗಿಲ್ಲವೆಂದು ನೀವು ಬಲ್ಲಿರಿ. 41, 43, 47 ಎಂದು ಹೊರಟ ಆ ಸಾಲಿನ ಸಂಖ್ಯೆಗಳೆಲ್ಲ ಅವಿಭಾಜ್ಯ ಸಂಖ್ಯೆಗಳಂತೆ ಕಾಣುತ್ತವೆ. ಮೊದಲ ಸಲ ಎಲ್ಲಿ ತಪ್ಪುತ್ತದೆ? ಕೂಡಿಸುತ್ತಲೇ ಹೋಗಿ, ಕ್ಯಾಲ್ಕುಲೇಟರ್ ಮುಟ್ಟಬೇಡಿ. ಪಿಂಗಳನ ವಿಧಾನದಿಂದ ಏಳನೆಯ ಸಾಲಿನ ಗಣವನ್ನು ಕಂಡುಹಿಡಿಯಿರಿ. ನಿಮ್ಮ ಹೆಸರನ್ನು ಕನ್ನಡದಲ್ಲಿ ಬರೆದರೆ ಎಷ್ಟು ಬೈಟ್, ಇಂಗ್ಲಿಷಿನಲ್ಲಿ ಬರೆದರೆ ಎಷ್ಟು? ಇನ್ನು, ಗಣಕಯಂತ್ರದ ಪಿತಾಮಹ ಯಾರೆಂಬುದಕ್ಕೆ ಒಂದು ಪುಟ ಮೀರದಂತೆ ಉತ್ತರ ಬರೆದು ಕಳುಹಿಸಿ. ಮೊಮ್ಮಕ್ಕಳ ಅಥವಾ ಮಕ್ಕಳ ಸಹಾಯ ಪಡೆಯಬಹುದು. ಪಕ್ಕದವರದನ್ನು ನೋಡಿ ಬರೆಯುವಂತಿಲ್ಲ.